ಸತ್ಯವೇದ: ಕಥೆಯೆಂದು ಓದುವುದೋ, ನಡೆದುದೆಂದು ಓದುವುದೋ?

ಮುಂಬಯಿಯ ಕೋಟೆ ವಿಭಾಗದಲ್ಲಿ, ಹಳೆಯ ಕಟ್ಟಡವೊಂದರ ಎರಡನೆಯ ಮಾಳಿಗೆಯಲ್ಲಿ, ನಮ್ಮವರ ಚಿಕ್ಕದೊಂದು ವಾಚನಾಲಯವುಂಟು. ಎರಡು ಕಪಾಟು, ಒಂದು ಉದ್ದನೆಯ ಮೇಜು, ನಾಲ್ಕು ಬೆಂಚು. ಅದರ ಸೊತ್ತು ಇಷ್ಟೇ. ವಾರದ ಆರು ದಿನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಬಿಲ್ಲು ಬರೆಯುವ ತರುಣರೊಬ್ಬರು ಏಳನೆಯ ದಿನ ಅಲ್ಲಿ ಪುಸ್ತಕಗಳ ಲೆಕ್ಕ ಬರೆಯುತ್ತಾರೆ. ನಾವು ಇತ್ತೀಚೆಗೆ ಅಲ್ಲಿಗೆ ಹೋದಾಗ ಅವರು ಬರೆಯುವುದನ್ನು ನಿಲ್ಲಿಸಿ, ಲೇಖನಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಚಿಂತಾಕ್ರಾಂತರಾಗಿದ್ದರು.

ಸಂಗತಿ ಹೀಗೆ. ದಕ್ಷಿಣ ಕನ್ನಡದ ಕ್ರೈಸ್ತ ಹಿರಿಯರೊಬ್ಬರು, ಬಹುಕಾಲ ಹೋಟೆಲಿನ ಲೆಕ್ಕಪತ್ರ ನೋಡಿಕೊಂಡಿದ್ದವರು, ತೀರಿಕೊಂಡರು. ಅವರ ಮನೆಯವರು ಅವರ ಪುಸ್ತಕಗಳ ಪೆಟ್ಟಿಗೆಯನ್ನು ವಾಚನಾಲಯಕ್ಕೆ ಕೊಟ್ಟರು. ಅದರಲ್ಲಿ ಬೆನ್ನು ಸಡಿಲಿದ ಒಂದು ಕನ್ನಡ ಸತ್ಯವೇದವಿತ್ತು. ದಾಖಲೆಯ ಪುಸ್ತಕದಲ್ಲಿ ‘ಕಥೆ’, ‘ಇತರ’ ಎಂದು ಎರಡು ಅಂಕಣಗಳಿದ್ದುವು. ಗುರುತು ಎಲ್ಲಿ ಹಾಕಬೇಕು? ಬೆಂಚಿನ ಮೇಲಿದ್ದ ಒಬ್ಬರು, ಮೀನಿನ ಹೊಟ್ಟೆಯಲ್ಲಿ ಮನುಷ್ಯನು ಮೂರು ದಿನ ಬದುಕಿದ್ದನೆಂದು ಹೇಳುವ ಪುಸ್ತಕಕ್ಕೆ ‘ಕಥೆ’ಯಲ್ಲದೆ ಬೇರೆ ಸ್ಥಾನವೆಲ್ಲಿ ಎಂದು ನಕ್ಕರು. ಆ ಹಿರಿಯರ ಜೊತೆಗೆ ಒಂದೇ ಕೋಣೆಯಲ್ಲಿ ವರ್ಷಗಟ್ಟಲೆ ಮಲಗಿ ಎದ್ದಿದ್ದ ಮತ್ತೊಬ್ಬರು, ಸ್ವತಃ ಹಿಂದುಗಳೇ, ಆ ನಗೆಯನ್ನು ಸಹಿಸಲಿಲ್ಲ. ಸತ್ತವನ ಪುಸ್ತಕವನ್ನು ಕಟ್ಟುಕಥೆಯೆಂದು ಬರೆಯುವುದಾದರೆ ಹಿಂದಕ್ಕೆ ಕೊಟ್ಟುಬಿಡಿ ಎಂದರು. ಮಾತು ಬೆಳೆಯಿತು. ಇಬ್ಬರೂ ಚಹಾ ಕುಡಿಯದೆ ಹೊರಟುಹೋದರು. ತರುಣರು ನಮ್ಮ ಕಡೆಗೆ ನೋಡಿದರು. ನಮಗೂ ಆಗ ತಟ್ಟನೆ ಉತ್ತರ ತೋಚಲಿಲ್ಲ. ಆ ಬಳಿಕ ನಾವು ಓದಿ ಯೋಚಿಸಿದುದನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೊದಲನೆಯ ತೊಡಕು ಹೆಸರಿನಲ್ಲಿಯೇ ಇದೆ. ಕನ್ನಡದಲ್ಲಿ ಈ ಗ್ರಂಥವು 1831ರಲ್ಲಿ ಬಳ್ಳಾರಿಯ ಪಾದ್ರಿ ಜಾನ್ ಹ್ಯಾಂಡ್ಸ್ ಅವರ ಶ್ರಮದ ಫಲವಾಗಿ ಪೂರ್ಣವಾಗಿ ಹೊರಬಂದಿತು. ಮುಂದೆ ಅದಕ್ಕೆ ‘ಸತ್ಯವೇದ’ವೆಂಬ ಹೆಸರು ರೂಢಿಯಾಯಿತು. ಪುಸ್ತಕವನ್ನು ತೆರೆಯುವ ಮೊದಲೇ ರಕ್ಷಾಪುಟವು ತೀರ್ಪು ಕೊಟ್ಟುಬಿಟ್ಟಂತಾಯಿತು! ಆದರೆ ‘ಬೈಬಲ್’ ಎಂಬ ಶಬ್ದಕ್ಕೆ ಇಂತಹ ಗರ್ವವೇನೂ ಇಲ್ಲ. ಗ್ರೀಕ್ ಭಾಷೆಯಲ್ಲಿ ಅದಕ್ಕೆ ‘ಪುಸ್ತಕಗಳು’ ಎಂದಷ್ಟೇ ಅರ್ಥ, ಅದೂ ಬಹುವಚನ. ಪ್ರೊಟೆಸ್ಟೆಂಟರ ಎಣಿಕೆಯಲ್ಲಿ 66, ಕೆಥೋಲಿಕರ ಎಣಿಕೆಯಲ್ಲಿ 73 ಪುಸ್ತಕಗಳು ಅದರೊಳಗುಂಟು. ಹಳೆಯ ಒಡಂಬಡಿಕೆ ಬಹುಮಟ್ಟಿಗೆ ಹೀಬ್ರೂ ಭಾಷೆಯದು, ಅಲ್ಲಲ್ಲಿ ಅರಾಮಿಕ್. ಹೊಸ ಒಡಂಬಡಿಕೆ ಗ್ರೀಕ್ ಭಾಷೆಯದು. ಇವನ್ನು ಬರೆದವರು ಹಲವರು, ಬರೆದ ಕಾಲ ಹಲವು ಶತಮಾನ.

ನಮ್ಮ ಗುಮಾಸ್ತ ಬಂಧುಗಳಿಗೆ ಇದನ್ನು ತಿಳಿಸಲು ದೂರ ಹೋಗಬೇಕಾಗಿಲ್ಲ. ಕಚೇರಿಯ ಒಂದು ದಪ್ಪ ಕಡತವನ್ನು ಬಿಚ್ಚಿರಿ. ಅದರಲ್ಲಿ ಸರಕಾರದ ಆಜ್ಞೆಯಿದೆ, ರುಜುವಾದ ರಸೀದಿಯಿದೆ, ಯಾರದೋ ದೂರಿನ ಪತ್ರವಿದೆ, ಹಿಂದಿನ ಯಜಮಾನರನ್ನು ಹೊಗಳಿ ಬರೆದ ಬೀಳ್ಕೊಡುಗೆಯ ಬಿನ್ನವತ್ತಳೆಯೂ ಇದೆ. ಒಂದೇ ದಾರದಲ್ಲಿ ಕಟ್ಟಿದೆಯೆಂದು ನೀವು ಬಿನ್ನವತ್ತಳೆಯನ್ನು ರಸೀದಿಯಂತೆ ಓದುವುದಿಲ್ಲ. ಬೈಬಲೆಂಬ ಕಟ್ಟಿನಲ್ಲಿಯೂ ಹಾಗೆಯೇ. ಅರಸರ ವೃತ್ತಾಂತ, ವಂಶಾವಳಿ, ಕಾನೂನು, ಗಾದೆಗಳು, ದೇವರಿಗೆ ಮೊರೆಯಿಡುವ ಹಾಡುಗಳು, ದೇವರ ಹೆಸರನ್ನೇ ಎತ್ತದಂತಿರುವ ಪ್ರಣಯಗೀತ, ಪ್ರವಾದಿಗಳ ಗರ್ಜನೆ, ಖಾಸಗಿ ಪತ್ರಗಳು ಎಲ್ಲವೂ ಒತ್ತೊತ್ತಾಗಿ ಕುಳಿತಿವೆ. ಪೌಲನು ಫಿಲೆಮೋನನೆಂಬವನಿಗೆ ಬರೆದ ಕಾಗದವಂತೂ ಒಂದೇ ಪುಟದ್ದು; ಯಜಮಾನನಿಂದ ಅಗಲಿಹೋದ ಒನೇಸಿಮನೆಂಬ ಆಳೊಬ್ಬನನ್ನು ದಂಡಿಸದೆ ತಮ್ಮನಂತೆ ಮರಳಿ ಸೇರಿಸಿಕೊಳ್ಳೆಂಬ ಶಿಫಾರಸು. ಅದು ಕ್ರಿ.ಶ. ಮೊದಲನೆಯ ಶತಮಾನದ ನಿಜವಾದ ಕಾಗದ. ಇದರಲ್ಲಿ ವಿದ್ವಾಂಸರಿಗೆ ಹೆಚ್ಚಿನ ತಕರಾರಿಲ್ಲ. ಇದನ್ನು ಕಥೆಯೆಂದು ಬರೆಯುವುದು ಹೇಗೆ?

ಇನ್ನು ಅರಸರ ವೃತ್ತಾಂತಕ್ಕೆ ಬರೋಣ. ಇಲ್ಲಿ ನೆಲವೇ ಸಾಕ್ಷಿ ನುಡಿದಿರುವುದುಂಟು. ಆ ಸಾಕ್ಷಿಯು ಒಂದೇ ಪಕ್ಷದ ಪರವಾಗಿ ನುಡಿದಿಲ್ಲ ಎಂಬುದೇ ಸ್ವಾರಸ್ಯ. ಕ್ರಿ.ಪೂ. 701ರಲ್ಲಿ ಅಶ್ಶೂರದ ಚಕ್ರವರ್ತಿ ಸನ್ಹೇರೀಬನು ಯೆಹೂದದ ಅರಸನಾದ ಹಿಜ್ಕೀಯನ ಮೇಲೆ ದಂಡೆತ್ತಿ ಬಂದನು. ಬೈಬಲಿನ ಪ್ರಕಾರ ಅವನು ಕೋಟೆಯ ಊರುಗಳನ್ನೆಲ್ಲ ಹಿಡಿದನು, ಹಿಜ್ಕೀಯನು ದೇವಾಲಯದ ಬಾಗಿಲುಗಳ ಚಿನ್ನವನ್ನು ಕೂಡ ಕಿತ್ತು ಕಪ್ಪ ಕೊಟ್ಟನು, ಆದರೂ ಯೆರೂಸಲೇಮಿಗೆ ಸೇನೆ ಬಂತು, ಒಂದು ರಾತ್ರಿ ದೇವದೂತನು 1,85,000 ಮಂದಿಯನ್ನು ಹತಮಾಡಿದನು, ಚಕ್ರವರ್ತಿ ಹಿಂದಿರುಗಿದನು. ಇದು ಒಂದು ಕಡೆಯ ಹೇಳಿಕೆ.

ಎರಡನೆಯ ಕಡೆಯ ಹೇಳಿಕೆ 1830ರಲ್ಲಿ ನಿನೆವೆಯ ಹಾಳುದಿಬ್ಬಗಳಲ್ಲಿ ದೊರೆಯಿತು. ಆರು ಮುಖಗಳ ಒಂದು ಮಣ್ಣಿನ ಸ್ತಂಭ, ಮೊಳದುದ್ದಕ್ಕಿಂತಲೂ ಚಿಕ್ಕದು. ಅದರ ಮೇಲೆ ಸನ್ಹೇರೀಬನು ತನ್ನ ಪರಾಕ್ರಮವನ್ನು ತಾನೇ ಬರೆಯಿಸಿದ್ದಾನೆ. ಹಿಜ್ಕೀಯನ 46 ಕೋಟೆಯೂರುಗಳನ್ನು ಹಿಡಿದೆನೆನ್ನುತ್ತಾನೆ. ಅವನನ್ನು ಪಂಜರದ ಪಕ್ಷಿಯಂತೆ ಯೆರೂಸಲೇಮಿನೊಳಗೆ ಕೂಡಿಹಾಕಿದೆನೆನ್ನುತ್ತಾನೆ. ಕಪ್ಪದ ಪಟ್ಟಿಯನ್ನೂ ಕೊಡುತ್ತಾನೆ. ಚಿನ್ನದ ಲೆಕ್ಕ ಎರಡು ಕಡೆಯೂ 30 ತಲಾಂತು, ಸರಿಹೊಂದುತ್ತದೆ. ಬೆಳ್ಳಿಯ ಲೆಕ್ಕ ಮಾತ್ರ ಬೈಬಲಿನಲ್ಲಿ 300, ಸ್ತಂಭದಲ್ಲಿ 800. ಲೆಕ್ಕ ಬರೆದು ಬದುಕುವ ನಮ್ಮ ವಾಚಕರಿಗೆ ಇದನ್ನು ಕಂಡು ನಗು ಬಂದೀತು: ಕೊಟ್ಟವನ ಖಾತೆ, ಪಡೆದವನ ಖಾತೆ ಎರಡೂ ತಾಳೆಯಾದ ಕಾಲ ಯಾವುದು? ಆದರೆ ಒಂದು ಮಾತನ್ನು ಗಮನಿಸಬೇಕು. ಊರೂರು ಹಿಡಿದೆನೆಂದು ಕೊಚ್ಚಿಕೊಳ್ಳುವ ಆ ಚಕ್ರವರ್ತಿಯು ಯೆರೂಸಲೇಮನ್ನು ಹಿಡಿದೆನೆಂದು ಮಾತ್ರ ಎಲ್ಲಿಯೂ ಹೇಳುವುದಿಲ್ಲ. ಅರಮನೆಯ ಗೋಡೆಗಳಲ್ಲಿ ಅವನು ಕೆತ್ತಿಸಿದ್ದು ಲಾಕೀಷೆಂಬ ಬೇರೊಂದು ಊರಿನ ಮುತ್ತಿಗೆಯನ್ನು. ಆ ಕೆತ್ತನೆಗಳು ಇಂದು ಲಂಡನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಏಣಿ, ಬಾಣ, ಸೆರೆಯಾಳುಗಳ ಸಾಲು, ಗಂಟುಮೂಟೆ ಹೊತ್ತ ಹೆಂಗಸರು ಮಕ್ಕಳು, ಎಲ್ಲವನ್ನೂ ಅಲ್ಲಿ ಕಾಣಬಹುದು.

ಮೂರನೆಯ ಹೇಳಿಕೆಯೂ ಉಂಟು. ಗ್ರೀಕರ ಹೆರೊಡೊಟಸನು, ಸನ್ಹೇರೀಬನ ಸೇನೆಯು ಈಜಿಪ್ತದ ಗಡಿಯಲ್ಲಿ ಬೀಡುಬಿಟ್ಟಿದ್ದಾಗ ರಾತ್ರಿಯಲ್ಲಿ ಹೊಲದ ಇಲಿಗಳು ಬಂದು ಬಿಲ್ಲಿನ ಹೆದೆಗಳನ್ನು ಕಡಿದುಹಾಕಿದುವೆಂದು ಬರೆದಿದ್ದಾನೆ. ಒಬ್ಬನಿಗೆ ದೇವದೂತ, ಒಬ್ಬನಿಗೆ ಇಲಿ, ಒಬ್ಬನಿಗೆ ಮೌನ! ಏನೋ ಒಂದು ನಡೆದು ಆ ಸೇನೆ ಊರನ್ನು ಹಿಡಿಯದೆ ಮರಳಿತೆಂಬುದು ಮೂರರ ನಡುವೆ ಉಳಿಯುವ ಗಟ್ಟಿ ನೆಲ. ಕಾರಣವನ್ನು ಹೇಳುವಲ್ಲಿ ಪ್ರತಿಯೊಬ್ಬನೂ ತನ್ನ ದೇವರನ್ನೋ ತನ್ನ ಅಭಿಮಾನವನ್ನೋ ಸೇರಿಸಿದ್ದಾನೆ. ನಮ್ಮ ಪುಲಕೇಶಿಯ ಐಹೊಳೆಯ ಶಾಸನವನ್ನು (ಕ್ರಿ.ಶ. 634) ಓದುವವರು ರವಿಕೀರ್ತಿಯ ಹೊಗಳಿಕೆಯನ್ನು ತೂಗಿ ನೋಡಿ ಇತಿಹಾಸವನ್ನು ತೆಗೆಯುವುದಿಲ್ಲವೇ? ಹೊಗಳಿಕೆ ಇದೆಯೆಂದು ಪುಲಕೇಶಿಯೇ ಇರಲಿಲ್ಲವೆನ್ನುವವರು ಯಾರೂ ಇಲ್ಲ.

ಮುತ್ತಿಗೆಯ ಭಯದಿಂದ ಹಿಜ್ಕೀಯನು ಊರೊಳಕ್ಕೆ ನೀರು ತಂದನೆಂದು ಬೈಬಲು ಹೇಳುತ್ತದೆ. ಯೆರೂಸಲೇಮಿನ ಬಂಡೆಯಡಿಯಲ್ಲಿ ಸುಮಾರು 533 ಮೀಟರು ಉದ್ದದ ಸುರಂಗವೊಂದು ಇಂದಿಗೂ ಇದೆ. ಇಂದಿಗೂ ಮೊಣಕಾಲುದ್ದ ನೀರಿನಲ್ಲಿ ಜನರು ಅದರೊಳಗೆ ನಡೆಯುತ್ತಾರೆ. 1880ರಲ್ಲಿ ಅದರ ಗೋಡೆಯಲ್ಲಿ ಒಂದು ಹೀಬ್ರೂ ಶಾಸನ ಕಂಡುಬಂತು. ಎರಡು ಕಡೆಗಳಿಂದ ಕೊರೆಯುತ್ತ ಬಂದ ಕೂಲಿಗಳು ಒಬ್ಬರ ದನಿಯನ್ನು ಒಬ್ಬರು ಕೇಳಿ ನಡುವೆ ಸಂಧಿಸಿದ ಗಳಿಗೆಯನ್ನು ಅದು ವರ್ಣಿಸುತ್ತದೆ. ಅದರಲ್ಲಿ ಅರಸನ ಹೆಸರಿಲ್ಲ, ದೇವರ ಹೆಸರೂ ಇಲ್ಲ. ಗುದ್ದಲಿ ಹಿಡಿದವರ ಸಂತೋಷವಷ್ಟೇ ಇದೆ. ಕೆಲಸಗಾರರು ತಮ್ಮ ಕೆಲಸದ ಕುರಿತು ಬಿಟ್ಟುಹೋದ ಇಂತಹ ಪುರಾತನ ಬರಹಗಳು ಜಗತ್ತಿನಲ್ಲಿ ವಿರಳ. ಆ ಶಿಲೆ ಈಗ ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ.

ನೆಲವು ಯಾವಾಗಲೂ ಇಷ್ಟು ಉದಾರಿಯಲ್ಲ. ಯೆಹೋಶುವನ ಜನರು ಕಹಳೆಯೂದಿ ಕೂಗಿದಾಗ ಯೆರಿಕೋವಿನ ಗೋಡೆಗಳು ಬಿದ್ದುವೆಂಬ ವೃತ್ತಾಂತವನ್ನು ಪರೀಕ್ಷಿಸಲು 1952ರಿಂದ 1958ರ ವರೆಗೆ ಕ್ಯಾಥ್ಲೀನ್ ಕೆನ್ಯನ್ ಎಂಬ ಇಂಗ್ಲಿಷ್ ವಿದುಷಿ ಅಲ್ಲಿ ಅಗೆದರು. ಯೆಹೋಶುವನ ಕಾಲವೆಂದು ಸಾಮಾನ್ಯವಾಗಿ ಹೇಳಲಾಗುವ ಕಾಲದಲ್ಲಿ ಅಲ್ಲಿ ಬೀಳಲು ಗೋಡೆಯೇ ಇರಲಿಲ್ಲ, ದೊಡ್ಡ ಊರು ಅದಕ್ಕೆ ಬಹಳ ಹಿಂದೆಯೇ ಹಾಳಾಗಿತ್ತು ಎಂಬುದು ಅವರ ತೀರ್ಮಾನ. ಕೆಲವರು ಒಪ್ಪುವುದಿಲ್ಲ, ಬಹುಮಂದಿ ಪುರಾತತ್ತ್ವಜ್ಞರು ಒಪ್ಪುತ್ತಾರೆ. ಹೀಗಿರುವಲ್ಲಿ, ಒಂದು ಪುಟ ನಿಜವಾಯಿತೆಂದು ಎಲ್ಲ ಪುಟಗಳೂ ನಿಜವೆನ್ನುವುದೂ, ಒಂದು ಪುಟ ಸುಳ್ಳಾಯಿತೆಂದು ಕಟ್ಟನ್ನೇ ಬೀದಿಗೆಸೆಯುವುದೂ ಒಂದೇ ಜಾತಿಯ ಅವಸರವೆಂದು ನಮಗೆ ತೋರುತ್ತದೆ.

ಜಲಪ್ರಳಯದ ಸಂಗತಿಯನ್ನು ಹೇಳುವಾಗ ನಮಗೆ ಒಬ್ಬ ಮನುಷ್ಯನ ಮೇಲೆ ವಿಶೇಷ ಪ್ರೀತಿ. ಅವನ ಹೆಸರು ಜಾರ್ಜ್ ಸ್ಮಿತ್. 1840ರಲ್ಲಿ ಲಂಡನಿನ ಬಡ ಕುಟುಂಬದಲ್ಲಿ ಹುಟ್ಟಿದವನು. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು, ಬ್ಯಾಂಕುನೋಟುಗಳ ಅಚ್ಚು ಕೆತ್ತುವ ಕೆಲಸಕ್ಕೆ ಸೇರಿದವನು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಇತರರು ಊಟಕ್ಕೆ ಹೋದರೆ ಇವನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಓಡುತ್ತಿದ್ದನು. ನಿನೆವೆಯಿಂದ ಲೇಯಾರ್ಡ್ ಮತ್ತು ಮೋಸುಲಿನವರೇ ಆದ ಹೊರ್ಮುಜ್ದ್ ರಸ್ಸಾಮ್ ಅಗೆದು ತಂದಿದ್ದ ಸಾವಿರಾರು ಮಣ್ಣಿನ ಹಲಗೆಗಳ ಮೇಲೆ ಮೊಳೆಯಾಕಾರದ ಲಿಪಿಯನ್ನು ಓದಲು ತಾನೇ ಕಲಿತನು. ನುಣುಪಾದ ಅಚ್ಚಿನ ಗೆರೆಗಳನ್ನು ನೋಡಿ ಪಳಗಿದ ಕಣ್ಣು. ಮ್ಯೂಸಿಯಮ್ಮಿನವರು ಅವನ ಜಾಣ್ಮೆಯನ್ನು ಕಂಡು ಕೆಲಸವನ್ನೇ ಕೊಟ್ಟರು.

1872ರಲ್ಲಿ ಒಂದು ದಿನ, ಒಡೆದ ಹಲಗೆಯೊಂದರಲ್ಲಿ ಹಡಗು ಬೆಟ್ಟದ ಮೇಲೆ ನಿಂತುದನ್ನೂ, ಪಾರಿವಾಳವನ್ನು ಹೊರಬಿಟ್ಟುದನ್ನೂ, ಅದು ಕೂರಲು ನೆಲೆ ಕಾಣದೆ ಮರಳಿದುದನ್ನೂ ಅವನು ಓದಿದನು. ಇದು ನೋಹನ ಕಥೆಯಲ್ಲವೇ! ಆದರೆ ಇಲ್ಲಿ ನೋಹನಿಲ್ಲ, ಇಸ್ರಾಯೇಲರ ದೇವರೂ ಇಲ್ಲ. ಗಿಲ್ಗಮೇಶನೆಂಬ ವೀರನ ಮಹಾಕಾವ್ಯದ ಹನ್ನೊಂದನೆಯ ಹಲಗೆ ಅದು. ಸಂತೋಷಾತಿಶಯದಿಂದ ಅವನು ಕೋಣೆಯ ತುಂಬ ಓಡಾಡಿ ಬಟ್ಟೆಗಳನ್ನು ಕಳಚಲಾರಂಭಿಸಿದನೆಂದು ಒಂದು ಪ್ರಸಿದ್ಧ ಪ್ರತೀತಿಯಿದೆ. 1872ರ ದಶಂಬರ 3ರಂದು ಪ್ರಧಾನಿ ಗ್ಲಾಡ್‍ಸ್ಟನ್ನರೂ ಇದ್ದ ಸಭೆಯಲ್ಲಿ ಅವನು ತನ್ನ ಶೋಧವನ್ನು ಓದಿದನು. ಲಂಡನಿನ ‘ಡೈಲಿ ಟೆಲಿಗ್ರಾಫ್’ ಪತ್ರಿಕೆಯು ಸಾವಿರ ಗಿನಿ ಕೊಟ್ಟು ಅವನನ್ನು ನಿನೆವೆಗೆ ಕಳುಹಿಸಿತು; ಅವನು 1873ರಲ್ಲಿ ಪ್ರಳಯದ ಕಥೆಯ ಇನ್ನೊಂದು ಚೂರನ್ನು ತಂದೇಬಿಟ್ಟನು. 1876ರಲ್ಲಿ, ಮೂರನೆಯ ಸಲ ಆ ಕಡೆ ಹೋಗಿದ್ದಾಗ, ಅಲೆಪ್ಪೋ ನಗರದಲ್ಲಿ ರೋಗದಿಂದ ಸತ್ತನು. ಪ್ರಾಯ 36.

ಅವನ ಶೋಧದಿಂದ ಯಾರಿಗೆ ಜಯ? ಆಸ್ತಿಕರು, ನೋಡಿರಿ, ಪ್ರಳಯ ನಡೆದುದಕ್ಕೆ ಹೊರಗಿನ ಸಾಕ್ಷಿ ದೊರೆಯಿತು ಎಂದರು. ಸಂಶಯವಾದಿಗಳು, ನೋಡಿರಿ, ಬೈಬಲಿನವರು ನೆರೆಮನೆಯ ಕಥೆಯನ್ನು ತಂದರು ಎಂದರು. ಕಥೆಯು ಬಾಬಿಲೋನಿನ ನಾಡಿನಲ್ಲಿ ಬೈಬಲಿಗಿಂತ ಎಷ್ಟೋ ಹಿಂದೆಯೇ ಇದ್ದುದಕ್ಕೆ ಮುಂದೆ ಹೇರಳ ಆಧಾರ ಸಿಕ್ಕಿತು. ಲೋಕವನ್ನೆಲ್ಲ ಮುಳುಗಿಸಿದ ಒಂದೇ ಪ್ರಳಯದ ಗುರುತು ಭೂಗರ್ಭಶಾಸ್ತ್ರಜ್ಞರಿಗೆ ಸಿಕ್ಕಿಲ್ಲ. ಎರಡು ದೊಡ್ಡ ನದಿಗಳ ನಡುವೆ ಬದುಕುವ ಜನ ನೆರೆಯನ್ನು ಕಾಣದಿದ್ದರೆ ಆಶ್ಚರ್ಯ. ಆದರೆ ಎರಡು ಕಥೆಗಳನ್ನೂ ಅಕ್ಕಪಕ್ಕ ಇಟ್ಟರೆ ಕಾಣುವ ವ್ಯತ್ಯಾಸ ನಮಗೆ ಹೆಚ್ಚು ಬೆಲೆಯದೆಂದು ತೋರುತ್ತದೆ. ಬಾಬಿಲೋನಿನ ಹಳೆಯ ಕಥೆಯೊಂದರಲ್ಲಿ ದೇವತೆಗಳು ಪ್ರಳಯ ತಂದದ್ದು ಮನುಷ್ಯರ ಗದ್ದಲದಿಂದ ನಿದ್ದೆ ಕೆಟ್ಟುದಕ್ಕಾಗಿ. ಬೈಬಲಿನಲ್ಲಿ ಭೂಮಿಯ ಮೇಲೆ ಹಿಂಸೆ ತುಂಬಿದುದಕ್ಕಾಗಿ. ಕಥೆ ಎರವಲಿನದಾಗಿರಬಹುದು, ಅದರಿಂದ ಕೇಳಿದ ಪ್ರಶ್ನೆ ಎರವಲಿನದಲ್ಲ.

ಈಗ ಜಗಳಕ್ಕೆ ಕಾರಣವಾದ ಮೀನಿಗೆ ಬರೋಣ. ಯೋನನ ಗ್ರಂಥ ನಾಲ್ಕೇ ಅಧ್ಯಾಯ. ಚಹಾ ತಣಿಯುವುದರೊಳಗೆ ಓದಿ ಮುಗಿಸಬಹುದು. ವಿಚಿತ್ರವೆಂದರೆ, ನಗುವವರೂ ಸಿಟ್ಟಾಗುವವರೂ ಬಹುಶಃ ಅದನ್ನು ಓದಿರುವುದಿಲ್ಲ. ಅದರಲ್ಲಿ ತಿಮಿಂಗಿಲವಿಲ್ಲ, ಮೂಲದಲ್ಲಿರುವುದು ‘ದೊಡ್ಡ ಮೀನು’ ಎಂದಷ್ಟೇ. ಮೀನಿಗೆ ಸಿಕ್ಕುವ ವಾಕ್ಯಗಳು ಎರಡೋ ಮೂರೋ. ಕಥೆಯ ಹುರುಳು ಬೇರೆ. ಶತ್ರುಗಳ ರಾಜಧಾನಿಯಾದ ನಿನೆವೆಗೆ ಹೋಗಿ ಎಚ್ಚರಿಕೆ ಹೇಳೆಂದು ದೇವರು ಯೋನನಿಗೆ ಆಜ್ಞಾಪಿಸುತ್ತಾನೆ. ಅವನು ವಿರುದ್ಧ ದಿಕ್ಕಿನ ಹಡಗು ಹತ್ತುತ್ತಾನೆ. ಬಿರುಗಾಳಿ, ಸಮುದ್ರ, ಮೀನು ಎಲ್ಲವೂ ಅವನನ್ನು ಹಿಂದಕ್ಕೆ ತರುವ ಸಾಧನಗಳು. ಕೊನೆಗೆ ನಿನೆವೆಗೆ ಹೋಗಿ ಒಂದು ವಾಕ್ಯ ಸಾರುತ್ತಾನೆ. ಒಡನೆಯೇ ಅರಸನಿಂದ ಹಿಡಿದು ಆಳಿನ ವರೆಗೆ ಎಲ್ಲರೂ ಪಶ್ಚಾತ್ತಾಪಪಟ್ಟು ಗೋಣಿತಟ್ಟು ಉಡುತ್ತಾರೆ. ದನಕುರಿಗಳಿಗೂ ಗೋಣಿತಟ್ಟು, ದನಕುರಿಗಳಿಗೂ ಉಪವಾಸ! ಇದನ್ನು ಬರೆದವನು ಗಂಭೀರ ಮುಖದಿಂದ ಬರೆದನೆಂದು ನಾವು ನಂಬಲಾರೆವು. ಊರು ಉಳಿಯಿತೆಂದು ಪ್ರವಾದಿಗೆ ಸಂತೋಷವಾಗಬೇಕಲ್ಲ; ಅವನಿಗೆ ಕೋಪ ಬರುತ್ತದೆ. ತನಗೆ ನೆರಳು ಕೊಟ್ಟ ಸೋರೆಗಿಡ ಒಣಗಿತೆಂದು ಸಾಯುವಷ್ಟು ದುಃಖ ಬರುತ್ತದೆ. ಒಂದು ಗಿಡಕ್ಕಾಗಿ ಮರುಗುವ ನೀನು, ಲಕ್ಷಕ್ಕೂ ಮಿಕ್ಕಿದ ಜನ ಮತ್ತು ಅಷ್ಟೊಂದು ಪಶುಗಳಿರುವ ಊರಿಗಾಗಿ ನಾನು ಮರುಗಬಾರದೇ ಎಂಬ ಭಾವದ ದೇವರ ಪ್ರಶ್ನೆಯೊಂದಿಗೆ ಗ್ರಂಥ ನಿಲ್ಲುತ್ತದೆ. ಯೋನನ ಉತ್ತರವಿಲ್ಲ.

ಯೋನನೆಂಬ ಪ್ರವಾದಿಯ ಹೆಸರು ಅರಸರ ವೃತ್ತಾಂತದಲ್ಲಿ ಒಮ್ಮೆ ಬರುತ್ತದೆ, ಅಂತಹವನೊಬ್ಬನು ಕ್ರಿ.ಪೂ. ಎಂಟನೆಯ ಶತಮಾನದಲ್ಲಿ ಇದ್ದಿರಬಹುದು. ಆದರೆ ಈ ಗ್ರಂಥವು ನಿನೆವೆಯ ಅರಸನ ಹೆಸರನ್ನು ಹೇಳುವುದಿಲ್ಲ. ಊರನ್ನು ದಾಟಲು ಮೂರು ದಿನ ಬೇಕೆನ್ನುತ್ತದೆ, ಅಗೆದವರಿಗೆ ಕಂಡ ಕೋಟೆಯ ಸುತ್ತಳತೆಯೋ 12 ಕಿಲೋಮೀಟರಿನಷ್ಟು. ಆ ಊರು ಹೀಗೆ ಸಾಮೂಹಿಕವಾಗಿ ಮತ ಬದಲಿಸಿದುದಕ್ಕೆ ಅಶ್ಶೂರದ ದಾಖಲೆಗಳಲ್ಲಿ ಸುಳಿವಿಲ್ಲ. ಆದುದರಿಂದ ಇದನ್ನು ನೀತಿಯ ಆಖ್ಯಾನವೆಂದೂ, ತಮ್ಮವರ ಸಂಕುಚಿತ ಮನಸ್ಸನ್ನು ಚುಚ್ಚಲು ಬರೆದ ಹಾಸ್ಯವೆಂದೂ ಅನೇಕ ಕ್ರೈಸ್ತ ಮತ್ತು ಯೆಹೂದ್ಯ ಪಂಡಿತರೇ ಹೇಳುತ್ತಾರೆ. ನಡೆದುದೇ ಹೌದೆನ್ನುವ ಭಕ್ತರೂ ಇದ್ದಾರೆ. ಯೆಹೂದ್ಯರು ಪ್ರಾಯಶ್ಚಿತ್ತದ ಮಹಾದಿನದ ಅಪರಾಹ್ಣ ಇದನ್ನು ಪೂರ್ತಿಯಾಗಿ ಓದುತ್ತಾರೆ. ಮೀನಿನ ಅಳತೆ ಹಿಡಿಯಲು ಓದುವುದಲ್ಲ. ನಮ್ಮ ಕಡೆಯ ತಾಳಮದ್ದಲೆಯಲ್ಲಿ ವಾಲಿಯ ಅರ್ಥಧಾರಿಯು ರಾಮನನ್ನು ಪ್ರಶ್ನೆಗಳಿಂದ ಕಟ್ಟಿಹಾಕುವ ರಾತ್ರಿ, ಕಪಿಗಳಿಗೆ ಮಾತು ಬರುತ್ತಿತ್ತೇ ಎಂದು ಸಭೆಯಲ್ಲಿ ಯಾರಾದರೂ ಎದ್ದು ಕೇಳಿದ್ದುಂಟೇ?

ಮುಸಲ್ಮಾನರಿಗೂ ಯೋನನು ಯೂನುಸನೆಂಬ ಪ್ರವಾದಿ. ನಿನೆವೆಯ ದಿಬ್ಬವೊಂದರ ಮೇಲೆ, ಈಗಿನ ಮೋಸುಲಿನಲ್ಲಿ, ಅವನ ಗೋರಿಯೆಂದು ಜನರು ನಂಬಿದ್ದ ಮಸೀದಿಯಿತ್ತು. 2014ರ ಜುಲಾಯಿಯಲ್ಲಿ ಐಸಿಸ್ ಉಗ್ರರು ಅದನ್ನು ಸಿಡಿಮದ್ದಿನಿಂದ ಉರುಳಿಸಿದರು. ಊರು ಮರಳಿ ಸರಕಾರದ ಕೈಗೆ ಬಂದ ಮೇಲೆ, 2017ರಲ್ಲಿ, ಅದರ ಅಡಿಯ ಸುರಂಗಗಳಲ್ಲಿ ಸನ್ಹೇರೀಬನ ಮಗ ಏಸರ್ಹದ್ದೋನನ ಕಾಲದ ಅರಮನೆಯ ಭಾಗಗಳು ಕಂಡವು. ಕಥೆಯ ಗೋರಿಯ ಅಡಿಯಲ್ಲಿ ಇತಿಹಾಸದ ಅರಮನೆ!

ಕಥೆಯೋ ನಿಜವೋ ಎಂಬ ಪ್ರಶ್ನೆ ಇಂದಿನ ನಾಸ್ತಿಕರ ಸೃಷ್ಟಿಯೆಂದು ಯಾರೂ ತಿಳಿಯಬಾರದು. ಯೋಬನೆಂಬವನು ಹುಟ್ಟಿಯೇ ಇರಲಿಲ್ಲ, ಅವನ ಕಥೆ ದೃಷ್ಟಾಂತ ಮಾತ್ರ ಎಂಬ ಮತವನ್ನು ಯೆಹೂದ್ಯರ ತಾಲ್ಮುದಿನಲ್ಲಿಯೇ ದಾಖಲಿಸಿದ್ದಾರೆ. ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಒರಿಗನನು, ಸೂರ್ಯನಿಲ್ಲದೆ ಮೊದಲ ಮೂರು ದಿನಗಳಾದುದನ್ನೂ ದೇವರು ತೋಟದಲ್ಲಿ ಅಡ್ಡಾಡಿದುದನ್ನೂ ಅಕ್ಷರಶಃ ತೆಗೆದುಕೊಳ್ಳುವವನು ಬುದ್ಧಿವಂತನಲ್ಲವೆಂಬಂತೆ ಬರೆದನು.

ನಮ್ಮ ಮನಸ್ಸಿಗೆ ಹೆಚ್ಚು ಹಿಡಿದ ಉದಾಹರಣೆ ದಾವೀದನದು. ಅರಸನಾದ ದಾವೀದನು ತನ್ನ ಸೈನಿಕ ಊರೀಯನ ಹೆಂಡತಿಯನ್ನು ಮೋಹಿಸಿ ತರಿಸಿಕೊಂಡು, ಊರೀಯನು ರಣರಂಗದಲ್ಲಿ ಸಾಯುವಂತೆ ಏರ್ಪಡಿಸಿದನು. ಪ್ರವಾದಿ ನಾತಾನನು ಅರಸನ ಬಳಿಗೆ ಒಂದು ಫಿರ್ಯಾದಿ ತಂದಂತೆ ಬಂದನು. ಒಂದು ಊರಿನಲ್ಲಿ ಹಿಂಡುಹಿಂಡು ಕುರಿಗಳ ಧನಿಕನಿದ್ದಾನೆ. ಒಂದೇ ಹೆಣ್ಣು ಮರಿಯನ್ನು ಮಗಳಂತೆ ಮಡಿಲಲ್ಲಿಟ್ಟು ಸಾಕಿದ ಬಡವನಿದ್ದಾನೆ. ಧನಿಕನ ಮನೆಗೆ ಅತಿಥಿ ಬಂದಾಗ ಅವನು ತನ್ನ ಹಿಂಡನ್ನು ಮುಟ್ಟದೆ ಬಡವನ ಮರಿಯನ್ನು ಕೊಯ್ಯಿಸಿದನು. ದಾವೀದನು ಇದನ್ನು ನಡೆದ ಸಂಗತಿಯೆಂದೇ ಕೇಳಿದನು. ಕೆರಳಿ, ಅಂತಹವನಿಗೆ ಮರಣವೇ ತಕ್ಕುದೆಂದು ತೀರ್ಪು ಕೊಟ್ಟನು. ಆ ಮನುಷ್ಯನು ನೀನೇ ಎಂದು ನಾತಾನನು ಆಗ ತಿಳಿಸಿದನು. 1993ರಲ್ಲಿ ಇಸ್ರೇಲಿನ ತೇಲ್ ದಾನ್ ಎಂಬಲ್ಲಿ ಕ್ರಿ.ಪೂ. ಒಂಬತ್ತನೆಯ ಶತಮಾನದ ಶಿಲೆಯ ಚೂರು ಸಿಕ್ಕಿತು. ಅದರಲ್ಲಿ ದಾವೀದನ ಮನೆತನದ ಉಲ್ಲೇಖವಿದೆಯೆಂದು ಹೆಚ್ಚಿನವರು ಓದುತ್ತಾರೆ. ಎಂದರೆ ಅರಸನಿಗೆ ಶಿಲೆಯ ಸಾಕ್ಷಿಯಿದೆ, ಕುರಿಮರಿಗೆ ಯಾವ ಸಾಕ್ಷಿಯೂ ಇಲ್ಲ; ಇರಬೇಕಾಗಿಯೂ ಇಲ್ಲ. ಅದು ಕಥೆಯೆಂದು ದಾವೀದನಿಗೆ ಮೊದಲೇ ತಿಳಿದಿದ್ದರೆ ಅವನು ತಲೆದೂಗಿ ಸುಮ್ಮನಾಗುತ್ತಿದ್ದನೋ ಏನೋ. ಅರಸನನ್ನು ನೇರವಾಗಿ ದೂರಿದ್ದರೆ ನಾತಾನನ ತಲೆ ಹೋಗುತ್ತಿತ್ತು. ಯಜಮಾನರ ಮುಂದೆ ನೇರ ಮಾತನಾಡಲಾರದೆ ನಾಲ್ಕು ಜನರ ನಡುವೆ ಗಾದೆಯೊಂದನ್ನು ಉದುರಿಸಿ ಬಂದ ಅನುಭವ ನಮ್ಮ ಹೋಟೆಲ್ ಬಂಧುಗಳಲ್ಲಿ ಯಾರಿಗಿಲ್ಲ?

ಹೊಸ ಒಡಂಬಡಿಕೆಯಲ್ಲಿಯೂ ಇಂತಹ ಆಖ್ಯಾನಗಳುಂಟು. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನನ್ನು ಯಾಜಕನು ನೋಡಿಯೂ ದಾಟಿಹೋದನು. ಯೆಹೂದ್ಯರಿಗೆ ಆಗದ ಸಮಾರ್ಯದವನೊಬ್ಬನು ಎತ್ತಿ ವಸತಿಗೃಹಕ್ಕೆ ತಂದನು. ದಾರಿ ನಿಜವಾದುದು, ಸುಮಾರು ಒಂದು ಸಾವಿರ ಮೀಟರು ಇಳಿಜಾರಿನ ಬೆಂಗಾಡು. ಸಮಾರ್ಯರೂ ನಿಜವಾದವರು, ಸಾವಿರಕ್ಕೂ ಕಡಿಮೆ ಮಂದಿ ಇಂದಿಗೂ ಉಳಿದಿದ್ದಾರೆ. ಆದರೆ ಆ ಪ್ರಯಾಣಿಕನು ಯೇಸು ಹೇಳಿದ ಸಾಮತಿಯೊಳಗಿನವನು. ನಡೆದ ಸಂಗತಿಯೆಂದು ಗ್ರಂಥವೂ ಹೇಳುವುದಿಲ್ಲ. ಹೀಗಿದ್ದೂ ಆ ರಸ್ತೆಯ ಬದಿಯಲ್ಲಿ ‘ಒಳ್ಳೆಯ ಸಮಾರ್ಯದವನ ವಸತಿಗೃಹ’ವೆಂದು ಒಂದು ಸ್ಥಳವನ್ನು ಯಾತ್ರಿಕರಿಗೆ ತೋರಿಸುತ್ತಾರೆ, 2009ರಲ್ಲಿ ಅಲ್ಲಿ ವಸ್ತುಸಂಗ್ರಹಾಲಯವನ್ನೂ ತೆರೆದಿದ್ದಾರೆ! ಕಥೆಯ ಪಾತ್ರಕ್ಕೆ ಕಲ್ಲುಮಣ್ಣಿನ ಹೋಟೆಲು ದೊರೆತುದು ಹೀಗೆ. ಆ ಹೋಟೆಲಿನ ಯಜಮಾನನನ್ನು ಪ್ರಸಂಗಿಗಳು ಸಾಮಾನ್ಯವಾಗಿ ಮರೆಯುತ್ತಾರೆ. ಸಮಾರ್ಯದವನು ಅವನ ಕೈಗೆ ಎರಡು ನಾಣ್ಯ, ಎಂದರೆ ಕೂಲಿಯವನ ಎರಡು ದಿನದ ಸಂಬಳವನ್ನು ಕೊಟ್ಟು, ಮಿಕ್ಕಿದ ಖರ್ಚನ್ನು ಮರಳಿ ಬರುವಾಗ ತೀರಿಸುತ್ತೇನೆಂದು ಹೋದನು. ಪರಜಾತಿಯ ದಾರಿಹೋಕನಿಗೆ ಉದ್ರಿಯಲ್ಲಿ ಆರೈಕೆ ಒಪ್ಪಿಕೊಂಡ ಆ ಯಜಮಾನನೂ ನಮ್ಮ ದೃಷ್ಟಿಯಲ್ಲಿ ಸಣ್ಣವನಲ್ಲ. ಅವನಿಗೆ ಬಾಕಿ ಸಂದಿತೋ ಇಲ್ಲವೋ ಕಥೆ ಹೇಳುವುದಿಲ್ಲ.

ಎಲ್ಲವನ್ನೂ ಹೀಗೆ ದೃಷ್ಟಾಂತವೆಂದು ಬಿಡಿಸಿಬಿಡಬಹುದೇ? ಅದು ಸುಲಭವೆಂದು ಹೇಳುವವರು ಕ್ರೈಸ್ತರ ನಂಬಿಕೆಯನ್ನು ಅರಿತವರಲ್ಲ. ಲೂಕನು ತನ್ನ ಗ್ರಂಥದ ಆರಂಭದಲ್ಲಿಯೇ, ಕಣ್ಣಾರೆ ಕಂಡವರಿಂದ ಬಂದ ಸಂಗತಿಗಳನ್ನು ವಿಚಾರಿಸಿ ಕ್ರಮವಾಗಿ ಬರೆಯುತ್ತೇನೆಂದು ಚರಿತ್ರಕಾರನ ಮಾತನ್ನಾಡುತ್ತಾನೆ. ಹಾಗೆ ಹೇಳಿದ ಮೇಲೆ ಅವನನ್ನು ಚರಿತ್ರೆಯ ತಕ್ಕಡಿಯಲ್ಲಿ ತೂಗಲೇಬೇಕು. ತೂಗಿದರೆ, ಯೇಸುವಿಗೆ ಮರಣದಂಡನೆ ವಿಧಿಸಿದ ಪಿಲಾತನ ಹೆಸರುಳ್ಳ ಶಿಲೆ 1961ರಲ್ಲಿ ಕೈಸರೈಯದಲ್ಲಿ ಸಿಕ್ಕಿದೆ. ರೋಮಿನ ಚರಿತ್ರಕಾರ ತಾಸಿತಸನೂ ಆ ಮರಣವನ್ನು ಉಲ್ಲೇಖಿಸಿದ್ದಾನೆ. ಅದೇ ತಕ್ಕಡಿಯಲ್ಲಿ ಒಂದು ತೊಡಕೂ ಇದೆ. ಯೇಸು ಹುಟ್ಟಿದಾಗ ಕುರೇನ್ಯನ ಜನಗಣತಿ ನಡೆಯುತ್ತಿತ್ತೆಂದು ಲೂಕನೆನ್ನುತ್ತಾನೆ. ಹೆರೋದರಾಜನು ಆಳುತ್ತಿದ್ದನೆಂದು ಮತ್ತಾಯನೆನ್ನುತ್ತಾನೆ. ಹೆರೋದನು ಸತ್ತುದು ಸಾಮಾನ್ಯ ಲೆಕ್ಕದಲ್ಲಿ ಕ್ರಿ.ಪೂ. 4ರಲ್ಲಿ, ಕುರೇನ್ಯನ ಗಣತಿ ನಡೆದುದು ಕ್ರಿ.ಶ. 6ರಲ್ಲಿ. ಸುಮಾರು ಹತ್ತು ವರ್ಷದ ಈ ಅಂತರವನ್ನು ಮುಚ್ಚಲು ಪಂಡಿತರು ಮಾಡಿದ ಸಾಹಸಗಳು ಹಲವು. ಒಂದೂ ಎಲ್ಲರಿಗೂ ಒಪ್ಪಿಗೆಯಾಗಿಲ್ಲ.

ಪುನರುತ್ಥಾನದ ವಿಷಯದಲ್ಲಂತೂ ಪೌಲನು ಕೊರಿಂಥದವರಿಗೆ ಬರೆದ ಕಾಗದದಲ್ಲಿ, ಅದು ನಡೆಯದೆ ಹೋಗಿದ್ದರೆ ನಮ್ಮ ನಂಬಿಕೆಯೇ ವ್ಯರ್ಥವೆಂಬ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ತಿಳಿಸಿದ್ದಾನೆ. ಸುಂದರ ಕಥೆಯೆಂದು ಬೆನ್ನು ತಟ್ಟಿದರೆ ಅವನಿಗೆ ಅದು ಅವಮಾನ. ಚರಿತ್ರಕಾರನು ಇಲ್ಲಿ, ಶಿಷ್ಯರು ಹಾಗೆ ನಂಬಿದ್ದರು, ಆ ನಂಬಿಕೆಗಾಗಿ ಕಷ್ಟಪಟ್ಟರು ಎನ್ನುವ ವರೆಗೆ ಹೋಗಬಲ್ಲನು. ಅದರಾಚೆಗೆ ಒಬ್ಬರು ನಂಬುವರು, ಒಬ್ಬರು ನಂಬರು. ನಾವು ನಂಬದವರ ಸಾಲಿನಲ್ಲಿ ನಿಂತವರಾದರೂ, ನಂಬಿದ ಒಬ್ಬ ಹಿರಿಯರ ಪುಸ್ತಕದ ಮುಂದೆ ನಗಲು ನಮಗೆ ಮನಸ್ಸಾಗಲಿಲ್ಲ.

ಇಷ್ಟನ್ನು ಬರೆದುಕೊಂಡು ನಾವು ವಾಚನಾಲಯಕ್ಕೆ ಮರಳಿ ಹೋದೆವು. ಗ್ರಂಥಾಲಯ ಶಾಸ್ತ್ರವು ನಮ್ಮ ಸಹಾಯಕ್ಕೆ ಬಂದಿತು. ಮೆಲ್ವಿಲ್ ಡ್ಯೂಯಿ ಎಂಬ ಅಮೇರಿಕನನು 1876ರಲ್ಲಿ ಪ್ರಕಟಿಸಿದ ವಿಂಗಡಣೆಯಲ್ಲಿ ಧರ್ಮಕ್ಕೆ 200ನೆಯ ಅಂಕ, ಬೈಬಲಿಗೆ 220. ಅದರಲ್ಲಿ ಜನಪದರ ಅಜ್ಜಿಕಥೆಗಳಿಗೂ 398 ಎಂಬ ಅಂಕವಿದೆ. ಅನೇಕ ಗ್ರಂಥಾಲಯಗಳಲ್ಲಿ ಅವು ಕಾದಂಬರಿಗಳ ಜೊತೆಗೆ ಕೂರುವುದಿಲ್ಲ, ಅಂಕದ ಸಾಲಿನಲ್ಲಿ ಕೂರುತ್ತವೆ. ಮಾತನಾಡುವ ನರಿ ನಿಜವೆಂದು ಇದರ ಅರ್ಥವಲ್ಲ. ಪುಸ್ತಕ ಹುಡುಕುವವನಿಗೆ ಸಿಗಬೇಕೆಂಬುದಷ್ಟೇ ಗ್ರಂಥಪಾಲಕನ ಕಾಳಜಿ.

ತರುಣರು ಇದನ್ನು ಕೇಳಿ ಹಳೆಯ ದಾಖಲೆಗಳನ್ನು ತಿರುವಿದರು. ನಮ್ಮ ಹಿಂದಿನ ಕಾರ್ಯದರ್ಶಿಗಳ ಕೈಬರಹದಲ್ಲಿ ಒಂದು ರಾಮಾಯಣ ‘ಕಥೆ’ಯಲ್ಲಿದೆ, ಇನ್ನೊಂದು ರಾಮಾಯಣ ‘ಇತರ’ದಲ್ಲಿದೆ, ಮೂರನೆಯದಕ್ಕೆ ಎರಡು ಅಂಕಣಗಳ ನಡುವಿನ ಗೆರೆಯ ಮೇಲೆಯೇ ಗುರುತು ಬಿದ್ದಿದೆ. ಇದಕ್ಕಾಗಿ ಆ ಕಾಲದಲ್ಲಿ ಯಾರೂ ಚಹಾ ಬಿಟ್ಟು ಹೋದಂತೆ ಕಾಣಲಿಲ್ಲ. ಅವರು ಅಡ್ಡಪಟ್ಟಿ ತೆಗೆದುಕೊಂಡು ‘ಧರ್ಮ’ವೆಂಬ ಮೂರನೆಯ ಅಂಕಣವನ್ನು ಕೆಂಪು ಶಾಯಿಯಿಂದ ಎಳೆದರು. ಮೂರು ರಾಮಾಯಣಗಳನ್ನೂ ಅಲ್ಲಿಗೆ ತಂದು, ಕೆಳಗೆ ಸತ್ಯವೇದವನ್ನು ಬರೆದರು.

ಪುಟಗಳನ್ನು ಎಣಿಸುವಾಗ ಲೂಕನ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ, ಆ ವಸತಿಗೃಹದ ಸಾಮತಿಯಿರುವಲ್ಲಿ, ಗುರುತಿಗೆಂದು ಇಟ್ಟಿದ್ದ ಹಳದಿಯಾದ ಒಂದು ಹೋಟೆಲ್ ಬಿಲ್ಲು ಸಿಕ್ಕಿತು. ಎರಡು ಊಟ, ಒಂದು ಕಾಫಿ. ಕೆಳಗೆ ‘ಬಾಕಿ’ ಎಂದು ಆ ಹಿರಿಯರ ಅಕ್ಷರ. ಯಾರ ಬಾಕಿಯೋ ತಿಳಿಯಲಿಲ್ಲ. ಪುಸ್ತಕಗಳಲ್ಲಿ ಚೀಟಿಗಳನ್ನು ಬಿಡಬಾರದೆಂಬ ನಿಯಮವು ಗೋಡೆಯ ಮೇಲೆ ತೂಗುತ್ತಿದ್ದರೂ, ತರುಣರು ಅದನ್ನು ಇದ್ದಲ್ಲಿಯೇ ಇಟ್ಟು ಪುಸ್ತಕ ಮುಚ್ಚಿದರು.